ಭೂ ಅಭಿವೃದ್ಧಿ, ನಗರದ ಬೆಳವಣಿಗೆ ಮತ್ತು ಪರಿಸರ: ಬೆಂಗಳೂರಿನ ಕೆರೆ ಹಾಗೂ ರಾಜಕಾಲುವೆಗಳ ಕುರಿತು ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಕೃಷಿ ಜಮೀನಿನ ಪರಿವರ್ತನೆ, ಬಡಾವಣೆ ನಕ್ಷೆಯ ಅನುಮೋದನೆ, ಕಟ್ಟಡ ಪರವಾನಗಿ, ಖಾತೆ ವರ್ಗಾವಣೆ ಮುಂತಾದ ಸೇವೆಗಳನ್ನು ಕೋರಿ ಅರ್ಜಿ ಸಲ್ಲಿಸುವ ಸಾರ್ವಜನಿಕರಿಂದ ಪದೇ ಪದೇ ಕೇಳಿಬರುವ ಪ್ರಶ್ನೆ ಒಂದಿದೆ. ನೋಂದಣಿಯಾದ ಕ್ರಯಪತ್ರವಿದ್ದು, ತೆರಿಗೆಯನ್ನೂ ಪಾವತಿಸಿರುವಾಗ, ಕೆರೆ ಅಥವಾ ಕಾಲುವೆಯ ಕಾರಣ ನೀಡಿ ಅರ್ಜಿಯನ್ನು ತಡೆಹಿಡಿಯುವುದು ಏಕೆ ಎಂಬುದೇ ಆ ಪ್ರಶ್ನೆ. ಅದಕ್ಕೆ ಉತ್ತರವು ಅರ್ಜಿ ನಮೂನೆಯಲ್ಲಿ ದೊರೆಯುವುದಿಲ್ಲ. ಬೆಂಗಳೂರು ನಗರವು ನಿಂತಿರುವ ನೆಲದ ಇಳಿಜಾರಿನಲ್ಲಿ ಮತ್ತು ಕಳೆದ ನೂರು ವರ್ಷಗಳಲ್ಲಿ ಆ ನೆಲವನ್ನು ಬಳಸಿಕೊಂಡ ರೀತಿಯಲ್ಲಿ ಅದು ದೊರೆಯುತ್ತದೆ. ನಿವೇಶನ ಖರೀದಿಸುವ ಮುನ್ನ ಹಾಗೂ ಅರ್ಜಿ ಸಲ್ಲಿಸುವ ಮುನ್ನ ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಕೆರೆ ಸರಪಳಿಯ ಹಿನ್ನೆಲೆ

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್‌ಗೂ ಅಧಿಕ ಎತ್ತರದಲ್ಲಿರುವ ದಿಣ್ಣೆಯ ಮೇಲಿದೆ. ನಗರದ ಮಧ್ಯೆ ದೊಡ್ಡ ನದಿ ಹರಿಯುವುದಿಲ್ಲ. ಇಲ್ಲಿ ಬಿದ್ದ ಮಳೆಯ ನೀರು ಎರಡು ದಿಕ್ಕುಗಳಿಗೆ ಸಾಗುತ್ತದೆ. ಪಶ್ಚಿಮದ ನೀರು ವೃಷಭಾವತಿಯ ಮೂಲಕ ಅರ್ಕಾವತಿಯನ್ನೂ, ಅಲ್ಲಿಂದ ಕಾವೇರಿಯನ್ನೂ ಸೇರುತ್ತದೆ. ಹೆಬ್ಬಾಳ ಕಣಿವೆ ಮತ್ತು ಕೋರಮಂಗಲ-ಚಲ್ಲಘಟ್ಟ ಕಣಿವೆಗಳ ನೀರು ಪೂರ್ವಕ್ಕೆ ಹರಿದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಹೊರಗಿನಿಂದ ನೀರು ಹರಿದು ಬರುವ ದಾರಿ ಇಲ್ಲದ ಇಂತಹ ಜಾಗದಲ್ಲಿ ಊರು ಕಟ್ಟಿದವರಿಗೆ ಉಳಿದ ಉಪಾಯವೆಂದರೆ ಬಿದ್ದ ಮಳೆಯನ್ನು ತಡೆದು ನಿಲ್ಲಿಸುವುದೇ ಆಗಿತ್ತು. 1537ರಲ್ಲಿ ಕೆಂಪೇಗೌಡರು ಬೆಂಗಳೂರನ್ನು ಕಟ್ಟಿದಾಗ ಕೋಟೆಯ ಜೊತೆಯಲ್ಲಿಯೇ ಕೆರೆಗಳೂ ನಿರ್ಮಾಣಗೊಂಡದ್ದು ಈ ಕಾರಣದಿಂದ.

ಈ ಕೆರೆಗಳು ಬಿಡಿ ಬಿಡಿಯಾಗಿ ಇರಲಿಲ್ಲವೆಂಬುದು ಮುಖ್ಯವಾದ ಅಂಶ. ಕಣಿವೆಯ ಮೇಲ್ಭಾಗದ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕಾಲುವೆಯ ಮೂಲಕ ಕೆಳಗಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನ ಕೆರೆಗೆ ಇಳಿಯುತ್ತಿತ್ತು. ಏರಿಯ ಕೆಳಗೆ ಅಚ್ಚುಕಟ್ಟು, ತೂಬಿನ ಮೂಲಕ ಗದ್ದೆಗೆ ನೀರು, ಸರದಿ ಪ್ರಕಾರ ನೀರು ಹಂಚಲು ನೀರುಗಂಟಿ, ಹೀಗೆ ಒಂದು ಪೂರ್ಣ ವ್ಯವಸ್ಥೆ ಇತ್ತು. ಕೆರೆಯಿಂದ ಕೆರೆಗೆ ನೀರು ಸಾಗಿಸುತ್ತಿದ್ದ ದಾರಿಗಳನ್ನೇ ಇಂದು ರಾಜಕಾಲುವೆ ಎಂದು ಕರೆಯಲಾಗುತ್ತದೆ. ಕೊಳಚೆ ಸಾಗಿಸಲು ಯಾರೋ ತೋಡಿದ ಚರಂಡಿ ಎಂಬ ಭಾವನೆ ಅನೇಕರಲ್ಲಿದೆ. ಅದು ಸರಿಯಲ್ಲ. ರಾಜಕಾಲುವೆಯು ಎರಡು ಕೆರೆಗಳ ನಡುವಿನ ಕೊಂಡಿ. ಬೇಸಿಗೆಯಲ್ಲಿ ಅದು ಒಣಗಿ ಹುಲ್ಲು ಬೆಳೆದಿದ್ದರೂ, ಹತ್ತು ವರ್ಷ ನೀರೇ ಬಾರದಿದ್ದರೂ, ನೆಲದ ಇಳಿಜಾರು ಬದಲಾಗುವುದಿಲ್ಲವಾದ್ದರಿಂದ ಆ ದಾರಿ ನೀರಿನದೇ ಆಗಿ ಉಳಿದಿರುತ್ತದೆ.

ಊರ ಹೆಸರುಗಳೂ ಇದಕ್ಕೆ ಸಾಕ್ಷಿ ನುಡಿಯುತ್ತವೆ. ಬೊಮ್ಮಸಂದ್ರ, ಸಿಂಗಸಂದ್ರ, ಜಕ್ಕಸಂದ್ರ ಮುಂತಾದ ಹೆಸರುಗಳಲ್ಲಿರುವ ‘ಸಂದ್ರ’ ಎಂಬುದು ಸಮುದ್ರ ಎಂಬ ಪದದ ರೂಪ. ಹಿಂದೆ ದೊಡ್ಡ ಕೆರೆಯನ್ನು ಸಮುದ್ರವೆಂದೇ ಕರೆಯುತ್ತಿದ್ದರು. ಹೆಸರಿನಲ್ಲಿ ಸಂದ್ರ, ಕೆರೆ, ಕುಂಟೆ, ಕಟ್ಟೆ ಇರುವ ಗ್ರಾಮದಲ್ಲಿ ನಿವೇಶನ ನೋಡಲು ಹೋದವರು ಆ ಕೆರೆ ಎಲ್ಲಿದೆ ಎಂದು ಒಮ್ಮೆ ವಿಚಾರಿಸಿಕೊಳ್ಳುವುದು ಒಳಿತು.

ನಗರದ ಬೆಳವಣಿಗೆ

1890ರ ದಶಕದಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಿಂದ ಕಾವೇರಿಯಿಂದ ಕೊಳವೆಯ ಮೂಲಕ ನಗರಕ್ಕೆ ನೀರು ಬರತೊಡಗಿತು. ನಲ್ಲಿಯಲ್ಲಿ ನೀರು ಬಂದ ಮೇಲೆ ಊರ ನಡುವಿನ ಕೆರೆಯ ಅಗತ್ಯ ಕಾಣದಾಯಿತು. ಅಗತ್ಯ ಕಾಣದ ಕೆರೆಯು ‘ಖಾಲಿ ಜಾಗ’ ಎನಿಸಿತು. ಧರ್ಮಾಂಬುಧಿ ಕೆರೆಯ ಅಂಗಳವು ಮೊದಲು ಮೈದಾನವಾಗಿ ನಂತರ ಕೆಂಪೇಗೌಡ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಕರಗ ಉತ್ಸವದ ವಿಧಿಗಳಿಗೆಂದು ಆ ಕೆರೆಯ ಒಂದು ಸಣ್ಣ ಕೊಳವನ್ನು ಮಾತ್ರ ಉಳಿಸಿಕೊಳ್ಳಲಾಗಿದೆ. ಚಲ್ಲಘಟ್ಟ ಕೆರೆಯಿದ್ದಲ್ಲಿ ಗಾಲ್ಫ್ ಮೈದಾನವಿದೆ. ಇವೆಲ್ಲವೂ ಖಾಸಗಿ ಒತ್ತುವರಿಗಳಲ್ಲ, ಸಾರ್ವಜನಿಕ ಉದ್ದೇಶಕ್ಕೆಂದು ಅಧಿಕೃತವಾಗಿಯೇ ಆದ ಬದಲಾವಣೆಗಳು ಎಂಬುದನ್ನು ಇಲ್ಲಿ ಮರೆಮಾಚುವ ಅಗತ್ಯವಿಲ್ಲ. ಕೆರೆಯಂಗಳವನ್ನು ನಿವೇಶನವೆಂದು ಎಣಿಸುವ ರೂಢಿ ಜನರಲ್ಲಿ ಬಂದದ್ದಕ್ಕೆ ಇಂತಹ ಉದಾಹರಣೆಗಳೂ ಕಾರಣವಾಗಿವೆ.

1985ರಲ್ಲಿ ರಾಜ್ಯ ಸರ್ಕಾರವು ಎನ್. ಲಕ್ಷ್ಮಣರಾವ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ರಚಿಸಿತು. ಉಳಿದಿರುವ ಕೆರೆಗಳನ್ನು ಒಡೆಯದೆ ಕಾಪಾಡಬೇಕು, ಕೆರೆಗೆ ಕೊಳಚೆ ಸೇರದಂತೆ ತಡೆಯಬೇಕು ಎಂಬ ಶಿಫಾರಸುಗಳು ಆ ಸಮಿತಿಯಿಂದ ಬಂದವು. 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ಸ್ಥಾಪನೆಯಾಯಿತು. ಮಾನ್ಯ ಉಚ್ಚ ನ್ಯಾಯಾಲಯದ ನಿರ್ದೇಶನದಂತೆ ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಅವರ ನೇತೃತ್ವದ ಸಮಿತಿ ವರದಿ ನೀಡಿತು. ಕೆ.ಬಿ. ಕೋಳಿವಾಡ ಅವರ ಅಧ್ಯಕ್ಷತೆಯ ಸದನ ಸಮಿತಿಯು 2017ರಲ್ಲಿ ಕೆರೆ ಒತ್ತುವರಿ ಕುರಿತು ವರದಿ ಸಲ್ಲಿಸಿತು. ವರದಿಗಳಿಗೆ ಕೊರತೆ ಇರಲಿಲ್ಲವೆಂದು ಹೇಳಬಹುದು.

ಅದೇ ಅವಧಿಯಲ್ಲಿ ನಗರವು ಬೆಳೆದ ವೇಗವನ್ನು ಜನಗಣತಿಯ ಅಂಕಿಗಳು ತಿಳಿಸುತ್ತವೆ. ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 65.37 ಲಕ್ಷವಿದ್ದದ್ದು 2011ರಲ್ಲಿ 96.21 ಲಕ್ಷವಾಯಿತು. ಹತ್ತು ವರ್ಷಗಳಲ್ಲಿ ಸುಮಾರು ಶೇ. 47ರಷ್ಟು ಏರಿಕೆ. 2007ರಲ್ಲಿ ಸುತ್ತಲಿನ 7 ನಗರಸಭೆ, 1 ಪುರಸಭೆ ಹಾಗೂ 110 ಗ್ರಾಮಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾಯಿತು. 2025ರ ಸೆಪ್ಟೆಂಬರ್‌ನಿಂದ ಅದರ ಸ್ಥಾನದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರಪಾಲಿಕೆಗಳು ಕಾರ್ಯ ನಿರ್ವಹಿಸುತ್ತಿವೆ. ಹೊಸದಾಗಿ ಸೇರಿದ ಪ್ರದೇಶಗಳಲ್ಲಿ ಒಳಚರಂಡಿಗಿಂತ ಮೊದಲೇ ಮನೆಗಳು ಬಂದವು. ರಸ್ತೆಗಿಂತ ಮೊದಲೇ ಬಹುಮಹಡಿ ಕಟ್ಟಡಗಳು ಬಂದ ಕಡೆಗಳೂ ಇವೆ. ಭಾರತೀಯ ವಿಜ್ಞಾನ ಸಂಸ್ಥೆಯ ಉಪಗ್ರಹ ಚಿತ್ರ ಆಧಾರಿತ ಅಧ್ಯಯನಗಳ ಪ್ರಕಾರ 1973ರಲ್ಲಿ ಬೆಂಗಳೂರು ಪ್ರದೇಶದಲ್ಲಿ ಕಟ್ಟಡ ಹಾಗೂ ರಸ್ತೆಗಳಿಂದ ಆವೃತವಾಗಿದ್ದ ಭೂಮಿ ಶೇ. 8ರಷ್ಟು ಮಾತ್ರ. ಇಂದು ಆ ಪ್ರಮಾಣ ತಿರುವುಮುರುವಾಗಿದ್ದು, ಉಳಿದಿರುವ ತೆರೆದ ನೆಲವೇ ಕಡಿಮೆ.

ಮಳೆ ನೀರಿನ ಲೆಕ್ಕ

ಜಮೀನಿನ ಬಳಕೆ ಬದಲಾದಾಗ ನೀರಿಗೆ ಆಗುವುದೇನು ಎಂಬುದನ್ನು ಒಂದು ಸಾಮಾನ್ಯ ಲೆಕ್ಕದಿಂದ ತಿಳಿಯಬಹುದು. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಅದರ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 2 ಲಕ್ಷ ಲೀಟರ್ ನೀರು ಬೀಳುತ್ತದೆ. ಆ ಜಮೀನು ಹೊಲ ಅಥವಾ ತೋಪು ಆಗಿದ್ದರೆ ಬಹುಪಾಲು ನೀರು ನೆಲದಲ್ಲಿ ಇಂಗಿ, ಐದನೆಯ ಒಂದು ಭಾಗದಷ್ಟು, ಎಂದರೆ ಸುಮಾರು 40,000 ಲೀಟರ್ ಮೇಲೆ ಹರಿದು ಹೋಗುತ್ತದೆ ಎಂದು ಸ್ಥೂಲವಾಗಿ ಹೇಳಬಹುದು. ಅದೇ ಜಮೀನು ಛಾವಣಿ, ಕಾಂಕ್ರೀಟ್ ಮತ್ತು ಡಾಂಬರಿನಿಂದ ಮುಚ್ಚಿದರೆ ಐದರಲ್ಲಿ ನಾಲ್ಕು ಭಾಗ, ಎಂದರೆ 1.6 ಲಕ್ಷ ಲೀಟರ್ ಹರಿದು ಹೋಗುತ್ತದೆ. ಹತ್ತು ಎಕರೆಯ ಬಡಾವಣೆಯಿಂದ ಒಂದು ಮಳೆಗೆ 4 ಲಕ್ಷ ಲೀಟರ್ ಬರುತ್ತಿದ್ದ ಕಡೆ 16 ಲಕ್ಷ ಲೀಟರ್ ಬರುತ್ತದೆ. ಗಮನಿಸಬೇಕಾದ ಮತ್ತೊಂದು ಸಂಗತಿ, ಹೊಲದಿಂದ ನಿಧಾನವಾಗಿ ಜಿನುಗಿ ಬರುತ್ತಿದ್ದ ನೀರು ಈಗ ಅರ್ಧ ಗಂಟೆಯೊಳಗೆ ಒಟ್ಟಿಗೆ ಬಂದು ಕಾಲುವೆಗೆ ಬೀಳುತ್ತದೆ.

ನೀರು ನಾಲ್ಕು ಪಟ್ಟು ಹೆಚ್ಚಿತು. ಕಾಲುವೆಯ ಅಗಲ ಮಾತ್ರ ಒತ್ತುವರಿಯಿಂದಾಗಿ ಅರ್ಧವಾಯಿತು, ಕೆಲವೆಡೆ ಅದರ ಮೇಲೆ ಚಪ್ಪಡಿ ಹಾಕಿ ಮುಚ್ಚಲಾಯಿತು. ಕೆಳಗಿನ ಕೆರೆಯ ಅಂಗಳದಲ್ಲಿ ಮಣ್ಣು ತುಂಬಿತು. ಇನ್ನು ನೀರಿಗೆ ಉಳಿದ ದಾರಿ ಮನೆಗಳ ಒಳಗೆ. ಭಾರತದ ಮಹಾಲೇಖಪಾಲರು 2021ರಲ್ಲಿ ಬೆಂಗಳೂರು ನಗರ ಪ್ರದೇಶದ ಮಳೆ ನೀರು ನಿರ್ವಹಣೆಯ ಕುರಿತು ಸಲ್ಲಿಸಿದ ವರದಿಯಲ್ಲಿಯೂ ಈ ಬಗೆಯ ಕೊರತೆಗಳ ಮೇಲೆ ಗಮನ ಸೆಳೆಯಲಾಗಿದೆ.

2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಒಂದೇ ದಿನದಲ್ಲಿ 130 ಮಿಲಿಮೀಟರ್‌ಗೂ ಅಧಿಕ ಮಳೆ ದಾಖಲಾದಾಗ ಹೊರ ವರ್ತುಲ ರಸ್ತೆ, ಬೆಳ್ಳಂದೂರು, ಸರ್ಜಾಪುರ ರಸ್ತೆ ಭಾಗಗಳು ಜಲಾವೃತವಾಗಿ, ಕೋಟ್ಯಂತರ ರೂಪಾಯಿ ಬೆಲೆಯ ಮನೆಗಳ ನಿವಾಸಿಗಳು ಟ್ರ್ಯಾಕ್ಟರ್‌ಗಳಲ್ಲಿ ಹೊರಬರಬೇಕಾಯಿತು. 2024ರ ಅಕ್ಟೋಬರ್‌ನಲ್ಲಿ ಯಲಹಂಕ ಕೆರೆ ತುಂಬಿ ಹರಿದು ಸಮೀಪದ ವಸತಿ ಸಮುಚ್ಚಯದ ನಿವಾಸಿಗಳನ್ನು ದೋಣಿಗಳಲ್ಲಿ ಸ್ಥಳಾಂತರಿಸಲಾಯಿತು. 2025ರ ಮೇ ತಿಂಗಳಿನಲ್ಲಿ ಹೊರಮಾವು ಭಾಗದ ಬಡಾವಣೆಗಳಲ್ಲಿ ನೀರು ನಿಂತಿತು. ಮಳೆ ಹೆಚ್ಚಾಯಿತೆಂಬ ವಿವರಣೆ ಪೂರ್ಣವಲ್ಲ. ಅಂತಹ ಮಳೆ ಹಿಂದೆಯೂ ಬಿದ್ದಿದೆ, ಅಂದು ಅದು ಕೆರೆಗೆ ಹೋಗುತ್ತಿತ್ತು.

ಕೊಳಚೆ ಮತ್ತು ಕೆರೆ

ಒಳಚರಂಡಿ ಸಂಪರ್ಕವಿಲ್ಲದ ಬಡಾವಣೆಗಳು ತಮ್ಮ ತ್ಯಾಜ್ಯ ನೀರನ್ನು ಹತ್ತಿರದ ರಾಜಕಾಲುವೆಗೆ ಬಿಡುತ್ತವೆ. ವರ್ಷದಲ್ಲಿ ಕೆಲವು ತಿಂಗಳು ಮಾತ್ರ ಹರಿಯಬೇಕಿದ್ದ ಕಾಲುವೆ ಇದರಿಂದ ವರ್ಷವಿಡೀ ಹರಿಯುತ್ತದೆ. ಇದರ ಪರಿಣಾಮ ಬೆಳ್ಳಂದೂರು ಕೆರೆಯಲ್ಲಿ ಎಲ್ಲರಿಗೂ ಕಾಣುವಂತಾಯಿತು. ಸುಮಾರು 900 ಎಕರೆ ವಿಸ್ತಾರದ ಈ ಕೆರೆಯು ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೆಳಭಾಗದಲ್ಲಿದ್ದು, ನಗರದ ಕೊಳಚೆಯ ದೊಡ್ಡ ಪಾಲನ್ನು ದಶಕಗಳ ಕಾಲ ತನ್ನೊಳಗೆ ತುಂಬಿಕೊಂಡಿತು. ಒಂದು ಕಾಲದಲ್ಲಿ ಇದರ ನೀರಿನಿಂದ ಭತ್ತ ಬೆಳೆಯುತ್ತಿದ್ದರು, ಮೀನು ಹಿಡಿಯುತ್ತಿದ್ದರು. ಮಾರ್ಜಕಗಳಲ್ಲಿನ ರಾಸಾಯನಿಕಗಳು ನೀರಿನಲ್ಲಿ ಸೇರಿ, ಕೋಡಿಯಲ್ಲಿ ನೀರು ಧುಮುಕುವಾಗ ನೊರೆಯಾಗಿ ಎದ್ದು, ಗಾಳಿಗೆ ರಸ್ತೆಯ ಮೇಲೆ ಹಾರಿಬಂದವು. 2015ರ ಮೇ, 2017ರ ಫೆಬ್ರವರಿ ಮತ್ತು 2018ರ ಜನವರಿಯಲ್ಲಿ ಕೆರೆಯಲ್ಲಿ ಬೆಂಕಿ ಕಾಣಿಸಿಕೊಂಡಿತು. ನೀರಿರುವ ಜಾಗಕ್ಕೆ ಬೆಂಕಿ ಬೀಳುವುದು ಹೇಗೆ ಎಂದು ಜಗತ್ತೇ ಕೇಳಿತು. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ಈ ವಿಷಯವನ್ನು ವಿಚಾರಣೆಗೆ ಎತ್ತಿಕೊಂಡಿತು.

ಬೆಳ್ಳಂದೂರಿನಲ್ಲಿ ಸೇರುವ ಕೊಳಚೆ ಬೆಳ್ಳಂದೂರಿನ ನಿವಾಸಿಗಳದ್ದು ಮಾತ್ರವಲ್ಲ. ಕಣಿವೆಯ ಮೇಲ್ಭಾಗದಲ್ಲಿ ಹತ್ತಾರು ಕಿಲೋಮೀಟರ್ ದೂರದ ಮನೆಗಳ ನೀರೂ ಅಲ್ಲಿಗೇ ಬರುತ್ತದೆ. ಅಲ್ಲಿಂದ ವರ್ತೂರು ಕೆರೆಗೆ, ನಂತರ ದಕ್ಷಿಣ ಪಿನಾಕಿನಿಗೆ ಸಾಗುತ್ತದೆ. ಪಶ್ಚಿಮದಲ್ಲಿ ವೃಷಭಾವತಿಯ ಕಲುಷಿತ ನೀರು ಬಿಡದಿ ಸಮೀಪದ ಬೈರಮಂಗಲ ಜಲಾಶಯವನ್ನು ತಲುಪಿ, ಅದರ ಅಚ್ಚುಕಟ್ಟಿನ ಬೆಳೆಗಳಿಗೆ ಹರಿಯುತ್ತದೆ. ನಗರದ ತ್ಯಾಜ್ಯವು ತರಕಾರಿಯ ರೂಪದಲ್ಲಿ ನಗರಕ್ಕೇ ಮರಳುವ ಸಾಧ್ಯತೆ ಇಲ್ಲಿದೆ.

ಅಂತರ್ಜಲ

ನೆಲ ಮುಚ್ಚಿದಾಗ ಮೇಲೆ ನೆರೆ, ಕೆಳಗೆ ಬರ. 2024ರ ಬೇಸಿಗೆಯಲ್ಲಿ ನಗರದ ಸಾರ್ವಜನಿಕ ಕೊಳವೆಬಾವಿಗಳ ಪೈಕಿ ಸುಮಾರು ಅರ್ಧದಷ್ಟು ಬತ್ತಿದ್ದವು. ಕಾವೇರಿ ನೀರನ್ನು ಸುಮಾರು 100 ಕಿಲೋಮೀಟರ್ ದೂರದಿಂದ, ಹಲವು ನೂರು ಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರಬೇಕಾಗಿದ್ದು, ವಿದ್ಯುತ್ ವೆಚ್ಚವೇ ದೊಡ್ಡ ಹೊರೆ. 110 ಗ್ರಾಮಗಳಿಗಾಗಿ ಕಾವೇರಿ 5ನೆಯ ಹಂತವು 2024ರ ಅಕ್ಟೋಬರ್‌ನಲ್ಲಿ ಚಾಲನೆಗೊಂಡಿದೆ. ಅಧಿಸೂಚಿತ ಪ್ರದೇಶಗಳಲ್ಲಿ ಕೊಳವೆಬಾವಿ ಕೊರೆಸಲು 2011ರ ಕರ್ನಾಟಕ ಅಂತರ್ಜಲ ಅಧಿನಿಯಮದಡಿ ಪೂರ್ವಾನುಮತಿ ಅಗತ್ಯ.

ನಷ್ಟದ ಹೊಣೆ

ಕೆರೆಯಂಗಳ ಅಥವಾ ಕಾಲುವೆಯ ಜಾಗದಲ್ಲಿ ಆಗುವ ವ್ಯವಹಾರದ ಜಮಾ-ಖರ್ಚನ್ನು ಬರೆದು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಲಾಭವು ಮೊದಲು ಜಾಗ ಮಾರಿದವರಿಗೆ, ನಂತರ ಅದನ್ನು ನಿವೇಶನಗಳಾಗಿ ವಿಂಗಡಿಸಿದವರಿಗೆ, ನಂತರ ಮಧ್ಯವರ್ತಿಗಳಿಗೆ ಸಂದಾಯವಾಗುತ್ತದೆ. ಖರ್ಚಿನ ಭಾಗ ಮಾತ್ರ ಮುಂದಕ್ಕೆ ಹೋಗುತ್ತಾ ಹೋಗಿ ಕೊನೆಯ ಖರೀದಿದಾರನ ಹೆಸರಿನಲ್ಲಿ ನಿಲ್ಲುತ್ತದೆ. ನೋಟಿಸ್ ಬರುವುದು ಆ ದಿನ ಮನೆಯಲ್ಲಿ ವಾಸವಾಗಿರುವವರಿಗೆ.

2015ರ ಏಪ್ರಿಲ್‌ನಲ್ಲಿ ಸಾರಕ್ಕಿ ಕೆರೆಯ ಒತ್ತುವರಿಯನ್ನು ತೆರವುಗೊಳಿಸಲಾಯಿತು. 2016ರ ಜುಲೈ ಅಂತ್ಯದ ಮಳೆಯಲ್ಲಿ ತಗ್ಗು ಪ್ರದೇಶಗಳು ಮುಳುಗಿದ ನಂತರ, ಆಗಸ್ಟ್ ತಿಂಗಳಿನಲ್ಲಿ ನಗರದ ಹಲವು ಕಡೆ ರಾಜಕಾಲುವೆಗಳ ಮೇಲಿನ ಕಟ್ಟಡಗಳನ್ನು ಕೆಡವಲಾಯಿತು. ಮನೆ ಕಳೆದುಕೊಂಡವರಲ್ಲಿ ನಿವೃತ್ತಿಯ ಹಣ ಹಾಕಿ ಮನೆ ಕಟ್ಟಿದವರು, ಬ್ಯಾಂಕ್ ಸಾಲದ ಕಂತು ಇನ್ನೂ ಕಟ್ಟುತ್ತಿದ್ದವರು ಇದ್ದರು. ಅನೇಕರ ಬಳಿ ನೋಂದಾಯಿತ ಕ್ರಯಪತ್ರ, ತೆರಿಗೆ ರಸೀದಿ, ಕೆಲವರ ಬಳಿ ಮಂಜೂರಾದ ಕಟ್ಟಡ ನಕ್ಷೆಯೂ ಇತ್ತು. ಮಂಜೂರಾತಿ ನೀಡಿದ ಅಧಿಕಾರಿಗಳ ಮೇಲೆಯೂ ಕ್ರಮ ಜರುಗಿತು. ಆದರೆ ಅದರಿಂದ ಮನೆ ಮರಳಿ ಬರಲಿಲ್ಲ. ಅರ್ಜಿಯ ಹಂತದಲ್ಲಿ ಪರಿಶೀಲನೆ ಕಟ್ಟುನಿಟ್ಟಾದರೆ ಅರ್ಜಿದಾರರಿಗೆ ಬೇಸರವಾಗುವುದು ಸಹಜ. ಆ ಹಂತದಲ್ಲಿ ಆಗದ ಪರಿಶೀಲನೆಯ ಬೆಲೆ ಎಷ್ಟೆಂಬುದು 2016ರಲ್ಲಿ ಕಂಡುಬಂದಿದೆ.

ಈ ಸಂಬಂಧ ಸಾರ್ವಜನಿಕರಲ್ಲಿ ಇರುವ ಎರಡು ತಪ್ಪು ತಿಳಿವಳಿಕೆಗಳನ್ನು ಸ್ಪಷ್ಟಪಡಿಸುವುದು ಅವಶ್ಯ. ಒಂದು, ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಪತ್ರ ನೋಂದಣಿಯಾದ ಮಾತ್ರಕ್ಕೆ ಮಾರಿದವರಿಗೆ ಆ ಸ್ವತ್ತಿನ ಮೇಲೆ ಹಕ್ಕು ಇತ್ತೆಂದು ಸರ್ಕಾರ ದೃಢೀಕರಿಸಿದಂತೆ ಆಗುವುದಿಲ್ಲ. ಎರಡು, ಖಾತೆಯು ತೆರಿಗೆ ವಸೂಲಿಗಾಗಿ ಇಡುವ ಲೆಕ್ಕ, ಅದು ಹಕ್ಕುಪತ್ರವಲ್ಲ. ಕೆರೆಯಂಗಳದ ಮನೆಗೆ ಇಪ್ಪತ್ತು ವರ್ಷ ತೆರಿಗೆ ಕಟ್ಟಿದರೂ ಕೆರೆಯಂಗಳವು ಕೆರೆಯಂಗಳವಾಗಿಯೇ ಉಳಿಯುತ್ತದೆ.

ಅನ್ವಯವಾಗುವ ಕಾನೂನುಗಳು

ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ ಕಲಂ 67ರ ಪ್ರಕಾರ ಸಾರ್ವಜನಿಕ ರಸ್ತೆಗಳು, ಹಳ್ಳ, ಕೆರೆ, ಕಾಲುವೆ ಮುಂತಾದವು ರಾಜ್ಯ ಸರ್ಕಾರದ ಸ್ವತ್ತು. ಕಲಂ 95 ಕೃಷಿ ಜಮೀನನ್ನು ಕೃಷಿಯೇತರ ಉದ್ದೇಶಕ್ಕೆ ಪರಿವರ್ತಿಸುವುದಕ್ಕೆ ಸಂಬಂಧಿಸಿದ್ದು. ಕಲಂ 192-ಎ ಸರ್ಕಾರಿ ಜಮೀನಿನ ಅಕ್ರಮ ಪ್ರವೇಶ ಹಾಗೂ ಅನುಭೋಗವನ್ನು ಶಿಕ್ಷಾರ್ಹಗೊಳಿಸುತ್ತದೆ. ಕರ್ನಾಟಕ ಭೂಕಬಳಿಕೆ ನಿಷೇಧ ಅಧಿನಿಯಮ, 2011ರಡಿ ಇಂತಹ ಪ್ರಕರಣಗಳಿಗಾಗಿಯೇ ವಿಶೇಷ ನ್ಯಾಯಾಲಯವಿದೆ. ಬಡಾವಣೆ ರಚನೆ ಹಾಗೂ ಭೂ ಉಪಯೋಗದ ಬದಲಾವಣೆಗೆ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961 ಅನ್ವಯಿಸುತ್ತದೆ. ಮರ ಕಡಿಯಲು ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರಡಿ ಪ್ರತ್ಯೇಕ ಅನುಮತಿ ಬೇಕು. ನಿವೇಶನದ ಮಾಲೀಕತ್ವವಿದ್ದರೆ ಮರ ಕಡಿಯುವ ಹಕ್ಕು ತಾನಾಗಿ ಬರುತ್ತದೆಂದು ತಿಳಿಯಬಾರದು.

ಗ್ರಾಮದ ಕೆರೆ, ಕುಂಟೆ, ಗೋಮಾಳಗಳಂತಹ ಸಾಮೂಹಿಕ ಭೂಮಿಯ ಒತ್ತುವರಿಯನ್ನು, ಅದು ಎಷ್ಟೇ ಹಳೆಯದಾಗಿದ್ದರೂ ಮತ್ತು ಅದರ ಮೇಲೆ ಎಷ್ಟೇ ಹಣ ವ್ಯಯವಾಗಿದ್ದರೂ, ಸಕ್ರಮಗೊಳಿಸಲು ಅದು ಸಮರ್ಥನೆಯಾಗದೆಂದು ಮಾನ್ಯ ಸರ್ವೋಚ್ಚ ನ್ಯಾಯಾಲಯವು ಪಂಜಾಬ್ ರಾಜ್ಯದ ಜಗಪಾಲ್ ಸಿಂಗ್ ಪ್ರಕರಣದಲ್ಲಿ 2011ರ ಜನವರಿಯಲ್ಲಿ ತೀರ್ಪು ನೀಡಿದೆ. ಈ ತೀರ್ಪಿನ ತತ್ವ ಎಲ್ಲ ರಾಜ್ಯಗಳಿಗೂ ಅನ್ವಯಿಸುತ್ತದೆ.

ಬಫರ್ ಪ್ರದೇಶ

ಬಫರ್ ಎಂದರೆ ಕೆರೆ ಹಾಗೂ ಕಾಲುವೆಗಳ ಸುತ್ತ ನಿರ್ಮಾಣಕ್ಕೆ ಅವಕಾಶವಿಲ್ಲದೆ ಬಿಡಬೇಕಾದ ಅಂಚು. ಇದು ಖಾಸಗಿ ಜಮೀನಿನಲ್ಲಿಯೂ ಇರಬಹುದು. ಮಾಲೀಕತ್ವವು ಅರ್ಜಿದಾರರದ್ದೇ ಆಗಿದ್ದು, ಕಟ್ಟುವ ಹಕ್ಕು ಮಾತ್ರ ಇರುವುದಿಲ್ಲ. ಈ ವ್ಯತ್ಯಾಸ ತಿಳಿಯದೆ ಅನೇಕರು ತೊಂದರೆಗೆ ಒಳಗಾಗಿದ್ದಾರೆ.

2007ರಲ್ಲಿ ಅನುಮೋದನೆಗೊಂಡ ಪರಿಷ್ಕೃತ ಮಹಾಯೋಜನೆ-2015ರಲ್ಲಿ ಕೆರೆಗಳ ಸುತ್ತ 30 ಮೀಟರ್, ಪ್ರಥಮ ಹಂತದ ರಾಜಕಾಲುವೆಗೆ 50 ಮೀಟರ್, ದ್ವಿತೀಯ ಹಂತಕ್ಕೆ 25 ಮೀಟರ್ ಹಾಗೂ ತೃತೀಯ ಹಂತಕ್ಕೆ 15 ಮೀಟರ್ ಬಫರ್ ನಿಗದಿಪಡಿಸಲಾಗಿತ್ತು. ಕಾಲುವೆಯ ಬಫರನ್ನು ಕಾಲುವೆಯ ಮಧ್ಯಭಾಗದಿಂದ ಅಳೆಯಬೇಕು. ಕೆರೆಯ ಬಫರನ್ನು ಕಂದಾಯ ದಾಖಲೆಯಲ್ಲಿರುವ ಕೆರೆಯ ಗಡಿಯಿಂದ ಅಳೆಯಬೇಕೇ ಹೊರತು ನೀರು ನಿಂತಿರುವ ಅಂಚಿನಿಂದಲ್ಲ. ಏಪ್ರಿಲ್ ತಿಂಗಳಿನಲ್ಲಿ ನಿವೇಶನ ನೋಡಲು ಹೋದವರಿಗೆ ನೀರು ಬಹಳ ದೂರದಲ್ಲಿ ಕಾಣುವುದು ಸಹಜ, ದಾಖಲೆಯ ಗಡಿ ಅವರ ಕಾಲ ಕೆಳಗೇ ಇರಬಹುದು.

ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2016ರ ಮೇ 4ರ ಆದೇಶದಲ್ಲಿ ಕೆರೆಗಳಿಗೆ 75 ಮೀಟರ್, ಕಾಲುವೆಗಳಿಗೆ ಕ್ರಮವಾಗಿ 50, 35 ಹಾಗೂ 25 ಮೀಟರ್ ಎಂದು ಹೆಚ್ಚಿಸಿತು. 2019ರ ಮಾರ್ಚ್ 5ರಂದು ಮಾನ್ಯ ಸರ್ವೋಚ್ಚ ನ್ಯಾಯಾಲಯವು ಈ ಹೆಚ್ಚಳವನ್ನು ರದ್ದುಪಡಿಸಿದ್ದರಿಂದ ಮಹಾಯೋಜನೆಯ ಅಳತೆಗಳು ಪುನಃ ಅನ್ವಯವಾದವು. 2025ರ ಆಗಸ್ಟ್‌ನಲ್ಲಿ ಕೆರೆಯ ವಿಸ್ತೀರ್ಣಕ್ಕೆ ಅನುಗುಣವಾಗಿ ಬಫರಿನ ಅಗಲವನ್ನು ನಿಗದಿಪಡಿಸುವ ತಿದ್ದುಪಡಿ ವಿಧೇಯಕವನ್ನು ರಾಜ್ಯ ವಿಧಾನಮಂಡಲ ಅಂಗೀಕರಿಸಿತು. ಅಳತೆಗಳು ಹೀಗೆ ಬದಲಾಗುತ್ತಾ ಬಂದಿರುವುದರಿಂದ, ಅರ್ಜಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ಅಳತೆಯನ್ನು ಸಂಬಂಧಪಟ್ಟ ಯೋಜನಾ ಪ್ರಾಧಿಕಾರದಿಂದ ಲಿಖಿತವಾಗಿ ಪಡೆದುಕೊಳ್ಳತಕ್ಕದ್ದು. ಮಾರಾಟಗಾರರು ತೋರಿಸುವ ಕರಪತ್ರದ ಮೇಲೆ ಅವಲಂಬಿಸುವುದು ಸೂಕ್ತವಲ್ಲ. ಅಳತೆ ಕಡಿಮೆಯಾದ ಮಾತ್ರಕ್ಕೆ ನೀರು ಹರಿಯುವ ಅಗಲ ಕಡಿಮೆಯಾಗುವುದಿಲ್ಲವೆಂಬುದನ್ನೂ ಖರೀದಿದಾರರು ಗಮನದಲ್ಲಿರಿಸಿಕೊಳ್ಳಬೇಕು.

ಖರೀದಿ ಹಾಗೂ ಅರ್ಜಿಗೆ ಮುನ್ನ ಪರಿಶೀಲಿಸಬೇಕಾದ ದಾಖಲೆಗಳು

ಎಲ್ಲಕ್ಕೂ ಮೊದಲು ಗ್ರಾಮ ನಕಾಶೆಯನ್ನು ನೋಡತಕ್ಕದ್ದು. ಮೈಸೂರು ಸಂಸ್ಥಾನದಲ್ಲಿ 19ನೆಯ ಶತಮಾನದ ಉತ್ತರಾರ್ಧದಲ್ಲಿ ಆರಂಭವಾದ ಕಂದಾಯ ಭೂಮಾಪನದಿಂದ ಬಂದಿರುವ ಈ ನಕಾಶೆಗಳಲ್ಲಿ ಕೆರೆ, ಹಳ್ಳ, ಕಾಲುವೆ, ಬಂಡಿದಾರಿಗಳನ್ನು ಗುರುತಿಸಲಾಗಿದೆ. ಸ್ಥಳದಲ್ಲಿ ಕಾಲುವೆ ಕಾಣಿಸದಿದ್ದರೂ ನಕಾಶೆಯಲ್ಲಿದ್ದರೆ ಅದು ಇದೆಯೆಂದೇ ಪರಿಗಣಿಸಲಾಗುತ್ತದೆ. ಸರ್ವೆ ನಂಬರಿನ ಮೂಲ ಟಿಪ್ಪಣಿ ಹಾಗೂ ಆಕಾರಬಂದ್ ಪ್ರತಿಗಳನ್ನು ಪಡೆದು ವಿಸ್ತೀರ್ಣ ತಾಳೆ ನೋಡಬೇಕು. ಪಹಣಿಯಲ್ಲಿರುವ ವಿಸ್ತೀರ್ಣವೂ ಆಕಾರಬಂದಿನ ವಿಸ್ತೀರ್ಣವೂ ಹೊಂದಾಣಿಕೆಯಾಗದಿದ್ದರೆ ಮುಂದುವರಿಯುವ ಮುನ್ನ ಕಾರಣ ತಿಳಿಯುವುದು ಅಗತ್ಯ.

ಪಹಣಿಯಲ್ಲಿ ‘ಖರಾಬು’ ಎಂದು ನಮೂದಾಗಿರುವ ಭಾಗದ ಬಗ್ಗೆ ವಿಶೇಷ ಗಮನ ಬೇಕು. ಖರಾಬು ಎರಡು ಬಗೆ. ಬಂಡೆ, ಕಲ್ಲು ಮುಂತಾದ ಕಾರಣಗಳಿಂದ ಸಾಗುವಳಿಗೆ ಯೋಗ್ಯವಲ್ಲದ ಭೂಮಿ ‘ಎ’ ಖರಾಬು. ರಸ್ತೆ, ಹಳ್ಳ, ಕೆರೆ, ಸ್ಮಶಾನ ಮುಂತಾದ ಸಾರ್ವಜನಿಕ ಉದ್ದೇಶಕ್ಕೆ ಮೀಸಲಾದದ್ದು ‘ಬಿ’ ಖರಾಬು. ‘ಬಿ’ ಖರಾಬು ಜಮೀನಿನ ಮಾಲೀಕರದ್ದಲ್ಲ, ಅದನ್ನು ಮಾರಲೂ ಪರಿವರ್ತಿಸಲೂ ಅವರಿಗೆ ಅಧಿಕಾರವಿಲ್ಲ. ಎರಡು ಎಕರೆ ಜಮೀನಿನಲ್ಲಿ ಐದು ಗುಂಟೆ ‘ಬಿ’ ಖರಾಬು ಎಂದಿದ್ದರೆ, ಆ ಐದು ಗುಂಟೆ ಬಹುತೇಕ ಜಮೀನಿನ ಮಧ್ಯೆ ಹಾದುಹೋಗುವ ಹಳ್ಳ ಅಥವಾ ದಾರಿಯಾಗಿರುತ್ತದೆ. ಬಡಾವಣೆಯಾದ ಮೇಲೆ ಅದು ಯಾರದೋ ನಿವೇಶನದ ಕೆಳಗೆ ಸಿಲುಕಿರುತ್ತದೆ. ಯಾರ ನಿವೇಶನ ಎಂಬುದು ಅಳತೆಯಾದ ದಿನ ತಿಳಿಯುತ್ತದೆ.

ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರವು ಅಭಿವೃದ್ಧಿಪಡಿಸಿರುವ ‘ದಿಶಾಂಕ್’ ಮೊಬೈಲ್ ತಂತ್ರಾಂಶದಲ್ಲಿ, ನಿಂತಿರುವ ಜಾಗದ ಸರ್ವೆ ನಂಬರನ್ನು ನಕಾಶೆಯ ಮೇಲೆ ನೋಡಬಹುದು. ಪ್ರಾಥಮಿಕ ತಿಳಿವಳಿಕೆಗೆ ಇದು ಬಹಳ ಉಪಯುಕ್ತ. ಆದರೆ ಗಡಿಯ ಬಗ್ಗೆ ಸಂದೇಹವಿದ್ದಲ್ಲಿ ಭೂಮಾಪನ ಇಲಾಖೆಗೆ ‘ಮೋಜಿಣಿ’ ಮೂಲಕ ಅರ್ಜಿ ಸಲ್ಲಿಸಿ ಹದ್ದುಬಸ್ತು ಮಾಡಿಸಿಕೊಳ್ಳುವುದೇ ಸರಿಯಾದ ಮಾರ್ಗ. ಮನೆ ಕಟ್ಟುವ ವೆಚ್ಚದ ಮುಂದೆ ಈ ಶುಲ್ಕವು ಗಣನೆಗೆ ಬಾರದ ಮೊತ್ತ.

ಭೂ ಪರಿವರ್ತನೆಯ ಅರ್ಜಿಯೊಂದಿಗೆ ಸಲ್ಲಿಸುವ ಪ್ರಮಾಣಪತ್ರದಲ್ಲಿ ಜಮೀನು ಕೆರೆ, ಕಾಲುವೆ, ‘ಬಿ’ ಖರಾಬುಗಳನ್ನು ಒಳಗೊಂಡಿಲ್ಲವೆಂದು ಘೋಷಿಸುವ ಮುನ್ನ ಮೇಲ್ಕಂಡ ದಾಖಲೆಗಳನ್ನು ಸ್ವತಃ ನೋಡಿರತಕ್ಕದ್ದು. ಸಹಿ ಮಾಡುವವರು ಅರ್ಜಿದಾರರು, ಅರ್ಜಿ ಬರೆದುಕೊಟ್ಟ ಮಧ್ಯವರ್ತಿಯಲ್ಲ.

ದೊಡ್ಡ ಯೋಜನೆಗಳು

2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧ್ಯಯನ ಅಧಿಸೂಚನೆಯ ಪ್ರಕಾರ 20,000 ಚದರ ಮೀಟರ್ ಮತ್ತು ಅದಕ್ಕೂ ಹೆಚ್ಚಿನ ನಿರ್ಮಿತ ವಿಸ್ತೀರ್ಣದ ಕಟ್ಟಡ ಯೋಜನೆಗಳಿಗೆ ಪೂರ್ವಭಾವಿ ಪರಿಸರ ಅನುಮತಿ ಪಡೆಯಬೇಕು. 50 ಹೆಕ್ಟೇರ್ ಅಥವಾ ಅದಕ್ಕೂ ಹೆಚ್ಚಿನ ಬಡಾವಣೆಗಳು ಹಾಗೂ 1,50,000 ಚದರ ಮೀಟರ್ ಮತ್ತು ಅದಕ್ಕೂ ಹೆಚ್ಚಿನ ನಿರ್ಮಿತ ವಿಸ್ತೀರ್ಣದ ಯೋಜನೆಗಳು ಪ್ರತ್ಯೇಕ ವರ್ಗಕ್ಕೆ ಸೇರುತ್ತವೆ. ಫ್ಲಾಟ್ ಖರೀದಿಸುವವರು ಈ ಅನುಮತಿಪತ್ರದ ಪ್ರತಿಯನ್ನು ಕೇಳಿ ಪಡೆದು, ಅದರಲ್ಲಿನ ಷರತ್ತುಗಳನ್ನು ಓದಿಕೊಳ್ಳುವುದು ಉತ್ತಮ. ಸಮೀಪದ ಕೆರೆ ಹಾಗೂ ಕಾಲುವೆಗಳ ವಿವರ, ಕೊಳಚೆ ಶುದ್ಧೀಕರಣ ಘಟಕದ ಸಾಮರ್ಥ್ಯ ಮುಂತಾದ ಮಾಹಿತಿ ಮಾರಾಟದ ಕರಪತ್ರದಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ, ಇಲ್ಲಿ ಸಿಗುತ್ತದೆ.

ಮಳೆ ನೀರು ಕೊಯ್ಲು

2009ರ ತಿದ್ದುಪಡಿಯಂತೆ ಬೆಂಗಳೂರು ಜಲಮಂಡಳಿಯ ವ್ಯಾಪ್ತಿಯಲ್ಲಿ 2,400 ಚದರ ಅಡಿ ಹಾಗೂ ಅದಕ್ಕೂ ಮೇಲ್ಪಟ್ಟ ನಿವೇಶನದಲ್ಲಿನ ಹಳೆಯ ಕಟ್ಟಡಗಳಿಗೆ ಮತ್ತು 1,200 ಚದರ ಅಡಿ ಹಾಗೂ ಅದಕ್ಕೂ ಮೇಲ್ಪಟ್ಟ ನಿವೇಶನದಲ್ಲಿ ಹೊಸದಾಗಿ ಕಟ್ಟುವ ಕಟ್ಟಡಗಳಿಗೆ ಮಳೆ ನೀರು ಕೊಯ್ಲು ಕಡ್ಡಾಯ. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿಲಿಮೀಟರ್ ಎಂದು ಹಿಡಿದರೆ 30×40 ಅಡಿ ನಿವೇಶನದ ಮೇಲೆ ವರ್ಷಕ್ಕೆ ಒಂದು ಲಕ್ಷ ಲೀಟರ್‌ಗೂ ಅಧಿಕ ನೀರು ಬೀಳುತ್ತದೆ. ಇದರಲ್ಲಿ ಅರ್ಧವನ್ನು ಹಿಡಿದರೂ ಬೇಸಿಗೆಯ ಹಲವು ಟ್ಯಾಂಕರ್‌ಗಳ ಖರ್ಚು ಉಳಿಯುತ್ತದೆ, ಕಾಲುವೆಯ ಮೇಲಿನ ಹೊರೆಯೂ ಇಳಿಯುತ್ತದೆ. ಇಂಗುಗುಂಡಿಯ ಮೇಲೆ ಕಾಂಕ್ರೀಟ್ ಹಾಕಿ ವಾಹನ ನಿಲ್ಲಿಸುವ ಜಾಗ ಮಾಡಿಕೊಂಡಿರುವ ನಿದರ್ಶನಗಳೂ ಇವೆ. ಅಂತಹ ಗುಂಡಿಯಿಂದ ನಕ್ಷೆ ಮಂಜೂರಾಗಬಹುದೇ ಹೊರತು ನೀರು ಇಂಗುವುದಿಲ್ಲ.

ಅರ್ಜಿ ನಿರಾಕರಣೆಯಾದಲ್ಲಿ

ಕೆರೆ, ಕಾಲುವೆ ಅಥವಾ ಬಫರ್ ಕಾರಣದಿಂದ ಅರ್ಜಿ ನಿರಾಕರಣೆಯಾದರೆ, ಹಿಂಬರಹದಲ್ಲಿ ಸರ್ವೆ ನಂಬರ್, ಆಧಾರವಾಗಿ ತೆಗೆದುಕೊಂಡ ನಕಾಶೆ ಹಾಗೂ ಅಳತೆಯ ವಿವರವನ್ನು ನಮೂದಿಸುವಂತೆ ಅರ್ಜಿದಾರರು ಕೋರಬಹುದು. ನಕಾಶೆಯಲ್ಲಿ ತಪ್ಪಾಗಿದೆ ಎಂದು ಕಂಡುಬಂದಲ್ಲಿ ಭೂಮಾಪನ ಇಲಾಖೆಯ ಮೂಲಕ ಜಂಟಿ ಅಳತೆಗೆ ಕೋರಿಕೆ ಸಲ್ಲಿಸಿ, ಆ ಅಳತೆಯ ನಕ್ಷೆಯೊಂದಿಗೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ದೃಢೀಕೃತ ಪ್ರತಿಗಳನ್ನು ಪಡೆಯಲು ಸ್ವಲ್ಪ ಕಾಲಾವಕಾಶ ಬೇಕಾಗುವುದರಿಂದ, ಮುಂಗಡ ಹಣ ನೀಡಿ ಕರಾರು ಮಾಡಿಕೊಳ್ಳುವ ಮೊದಲೇ ಗ್ರಾಮ ನಕಾಶೆ, ಟಿಪ್ಪಣಿ ಮತ್ತು ಆಕಾರಬಂದ್ ಪ್ರತಿಗಳಿಗೆ ಅರ್ಜಿ ಸಲ್ಲಿಸಿ, ಅವು ಕೈಗೆ ಬಂದ ನಂತರವೇ ಮುಂದಿನ ಕ್ರಮ ಕೈಗೊಳ್ಳುವುದು.